ಕಣ್ಣು ಮಿಟುಕಿಸದೆ ನೋಡ್ತಾನೆ, ಮಿಸ್

ಅಂಗನವಾಡಿ, ಎಲ್‌ಕೆಜಿ, ಯುಕೆಜಿ ಮಕ್ಕಳ ಅಪ್ಪ ಅಮ್ಮಂದಿರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಪೋಷಕರೇ,

ಪೋಷಕರ ಸಭೆಯಲ್ಲಿ ಅಕ್ಷರ, ಅಂಕಿ, ಟಿಫಿನ್ ಡಬ್ಬಿಯಲ್ಲಿ ಹಾಗೇ ವಾಪಸ್ ಬರುವ ಚಪಾತಿ, ಎಲ್ಲದರ ಮಾತು ಮುಗಿದ ಮೇಲೆ ಬಾಗಿಲ ಹತ್ತಿರ ನಿಂತು ನೀವು ಕೇಳುವ ಪ್ರಶ್ನೆಯೊಂದಿದೆ. "ಮಿಸ್, ಮೊಬೈಲ್‌ನಲ್ಲಿ ಯಾವ ಕಾರ್ಟೂನ್ ಹಾಕಬಹುದು? ಒಂದು ಲಿಸ್ಟ್ ಬರೆದುಕೊಟ್ಬಿಡಿ." ಲಿಸ್ಟ್ ಕೊಡಲು ನನಗೆ ಮನಸ್ಸಿಲ್ಲ. ಇವತ್ತು ಬರೆದುಕೊಟ್ಟ ಚಾನೆಲ್ ಆರು ತಿಂಗಳ ಮೇಲೆ ಅದೇ ಹೆಸರಿನಲ್ಲಿ ಬೇರೆಯದೇ ಸರಕು ಮಾರುತ್ತಿರುತ್ತದೆ. ಅದೂ ಅಲ್ಲದೆ, ಮೂರು ವರ್ಷದ ಮಗುವಿಗೆ ಹೊಂದುವುದು ಆರು ವರ್ಷದ ಅಕ್ಕನಿಗೆ ಬೇಜಾರು, ಅಕ್ಕನಿಗೆ ಇಷ್ಟವಾದದ್ದು ತಮ್ಮನಿಗೆ ರಾತ್ರಿ ಕೆಟ್ಟ ಕನಸು. ಎರಡು ನಿಮಿಷದ್ದಾಗಲಿ ಏಳು ನಿಮಿಷದ್ದಾಗಲಿ, ಒಂದು ಪುಟ್ಟ ಕಾರ್ಟೂನನ್ನು ನೀವೇ ತೂಗಿ ನೋಡುವುದು ಹೇಗೆ ಎಂದು ಹೇಳಬಲ್ಲೆ. ಅದಕ್ಕೇ ಈ ಪತ್ರ.

ಪ್ರಶ್ನೆಯ ಬೆನ್ನಿಗೇ ನಿಮ್ಮಿಂದ ಒಂದು ಶಿಫಾರಸೂ ಬರುತ್ತದೆ. ಫೋನ್ ತೆಗೆದು ಒಂದು ವಿಡಿಯೊ ತೋರಿಸುತ್ತೀರಿ: "ಇದು ಚೆನ್ನಾಗಿರ್ಬೇಕು ಮಿಸ್, ಕಣ್ಣು ಮಿಟುಕಿಸದೆ ನೋಡ್ತಾನೆ." ಈ ಪತ್ರದ ಮುಕ್ಕಾಲು ಪಾಲು ಆ ಒಂದು ಮಾತಿನ ಜೊತೆ ನನ್ನ ಜಗಳ.

ಜಗಳಕ್ಕೆ ಮುಂಚೆ ಒಂದು ಮಾತು. ಫೋನ್ ಕೊಟ್ಟಿದ್ದಕ್ಕೆ ನಾಚಿಕೆ ಪಡಿ ಎಂದು ನಾನು ಹೇಳುತ್ತಿಲ್ಲ. ಗಾರ್ಮೆಂಟ್ಸ್ ಕೆಲಸದಿಂದ ಏಳು ಗಂಟೆಗೆ ಬಂದು, ಒಂದು ಕೈಯಲ್ಲಿ ಕುಕ್ಕರ್ ಇಟ್ಟು ಇನ್ನೊಂದು ಕೈಯಲ್ಲಿ ಮಗುವನ್ನು ಒಲೆಯಿಂದ ದೂರ ಇಡಬೇಕಾದ ತಾಯಿಗೆ ಇಪ್ಪತ್ತು ನಿಮಿಷದ ಕಾರ್ಟೂನ್ ದೊಡ್ಡ ಉಪಕಾರ. ಮನೆ ತುಂಬ ಜನರಿದ್ದ ಕಾಲದ ಬುದ್ಧಿಮಾತನ್ನು ಎರಡು ಕೋಣೆಯ ಬಾಡಿಗೆ ಮನೆಗೆ ತಂದು ಹೇಳುವವರ ಮೇಲೆ ನನಗೂ ಸಿಟ್ಟಿದೆ. ಎಷ್ಟು ಹೊತ್ತು ಅನ್ನುವ ಪ್ರಶ್ನೆಗೆ ಉತ್ತರ ಚಿಕ್ಕದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಇಷ್ಟು: ಎರಡು ವರ್ಷ ತುಂಬದ ಮಕ್ಕಳಿಗೆ ಪರದೆ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ, ಕಡಿಮೆಯಾದಷ್ಟೂ ಒಳ್ಳೆಯದು. ನಮ್ಮ ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ ಮಾತೂ ಹೆಚ್ಚುಕಡಿಮೆ ಇದೇ. ಇನ್ನು, ಊಟ ಮಾಡಿಸುವಾಗ ಹಾಕುವ ವಿಡಿಯೊ ಯಾವುದೇ ಆಗಿರಲಿ, ಅದರ ಗುಣ ಅಳೆಯುವ ಗೋಜಿಗೇ ನಾನು ಹೋಗುವುದಿಲ್ಲ. ಬಾಯಿಗೆ ಏನು ಬಂತು, ಹೊಟ್ಟೆ ಯಾವಾಗ ತುಂಬಿತು ಎಂದು ಗೊತ್ತಾಗದ ಹಾಗೆ ತಿನ್ನಿಸುವುದಕ್ಕೆ ಒಳ್ಳೆಯ ಕಾರ್ಟೂನ್ ಅಂತ ಒಂದಿಲ್ಲ.

ಈಗ ಜಗಳಕ್ಕೆ ಬರೋಣ.

ಅಮೆರಿಕದಲ್ಲಿ 1969ರ ನವೆಂಬರ್ 10ರಂದು 'ಸೆಸಮಿ ಸ್ಟ್ರೀಟ್' ಎಂಬ ಮಕ್ಕಳ ಟಿವಿ ಕಾರ್ಯಕ್ರಮ ಶುರುವಾಯಿತು. ಅದನ್ನು ಮಾಡಿದ್ದು ಜೋನ್ ಗಾಂಜ್ ಕೂನಿ ಎಂಬ ಮಹಿಳೆ ಕಟ್ಟಿದ ತಂಡ. ಬಡ ಮನೆಗಳ ಮಕ್ಕಳು ಶಾಲೆಗೆ ಸೇರುವ ಮುಂಚೆ ಅಕ್ಷರ, ಅಂಕಿಗಳ ಪರಿಚಯ ಮಾಡಿಕೊಳ್ಳಲಿ ಎಂಬುದು ಅವರ ಆಸೆ. ತಂಡದಲ್ಲಿ ಎಡ್ವರ್ಡ್ ಪಾಮರ್ ಎಂಬ ಮನಶ್ಶಾಸ್ತ್ರಜ್ಞರಿದ್ದರು. ಕಾರ್ಯಕ್ರಮದ ತುಣುಕನ್ನು ಮಗುವಿಗೆ ತೋರಿಸುವಾಗ ಅವರು ಟಿವಿಯ ಪಕ್ಕದಲ್ಲೇ ಇನ್ನೊಂದು ಪರದೆ ಇಟ್ಟು, ಅದರ ಮೇಲೆ ಏಳೂವರೆ ಸೆಕೆಂಡಿಗೊಂದು ಸ್ಲೈಡ್ ಬದಲಾಗುವ ಹಾಗೆ ಮಾಡಿದರು. ಮಗುವಿನ ಕಣ್ಣು ಟಿವಿಯ ಮೇಲಿದೆಯೋ ಪಕ್ಕಕ್ಕೆ ಹೊರಳಿತೋ ಎಂದು ಗುರುತು ಹಾಕಿಕೊಳ್ಳುವವರು ಒಬ್ಬರು. ಎಲ್ಲಿ ಕಣ್ಣು ಹೊರಳಿತೋ ಆ ತುಣುಕನ್ನು ತಿದ್ದಬೇಕು. ಆದರೆ ಪಾಮರ್ ಅವರ ಕೆಲಸ ಅಲ್ಲಿಗೆ ನಿಲ್ಲಲಿಲ್ಲ. ನೋಡಿದ ಮೇಲೆ ಮಗುವಿಗೆ ಏನು ಅರ್ಥವಾಯಿತು ಎಂಬ ಎರಡನೆಯ ಪರೀಕ್ಷೆಯೂ ಇತ್ತು, ಮೊದಲ ಪರೀಕ್ಷೆ ಇದ್ದದ್ದೇ ಎರಡನೆಯದಕ್ಕೆ ದಾರಿ ಮಾಡಲು.

ಅರ್ಧ ಶತಮಾನ ದಾಟಿ 2022ಕ್ಕೆ ಬನ್ನಿ. ನಿಮ್ಮ ಮನೆಯಲ್ಲೂ ಓಡುವ 'ಕೊಕೊಮೆಲನ್' ವಿಡಿಯೊಗಳ ಒಡೆತನ ಇರುವ ಮೂನ್‌ಬಗ್ ಎಂಬ ಲಂಡನ್ ಕಂಪನಿಯ ಬಗ್ಗೆ 'ನ್ಯೂಯಾರ್ಕ್ ಟೈಮ್ಸ್' ಒಂದು ವರದಿ ಬರೆಯಿತು. ಅಲ್ಲಿಯೂ ಮಗುವಿನ ಮುಂದೆ ಕಾರ್ಟೂನ್, ಸ್ವಲ್ಪ ದೂರದಲ್ಲಿ ಇನ್ನೊಂದು ಚಿಕ್ಕ ಟಿವಿ. ಆ ಚಿಕ್ಕ ಟಿವಿಯಲ್ಲಿ ಯಾರೋ ಕಾಫಿ ಬಗ್ಗಿಸುತ್ತಿದ್ದಾರೆ, ಯಾರೋ ತಲೆಗೂದಲು ಕತ್ತರಿಸಿಕೊಳ್ಳುತ್ತಿದ್ದಾರೆ, ಅಂಥ ನೀರಸ ದೃಶ್ಯಗಳು. ಮಗು ಕಾರ್ಟೂನ್ ಬಿಟ್ಟು ಅತ್ತ ನೋಡಿದ ಕೂಡಲೇ ಟಿಪ್ಪಣಿ. ಅದಕ್ಕೆ ಅವರು ಇಟ್ಟ ಹೆಸರು 'ಡಿಸ್ಟ್ರಾಕ್ಟಟ್ರಾನ್'.

ಉಪಕರಣ ಎರಡು ಕಾಲಕ್ಕೂ ಒಂದೇ. ಒಂದು ಕಡೆ ಕಣ್ಣು ಹಿಡಿದಿಟ್ಟದ್ದು ಏನನ್ನೋ ಕಲಿಸಲು. ಇನ್ನೊಂದು ಕಡೆ ಕಣ್ಣು ನಿಂತಷ್ಟೂ ಎಣಿಕೆ ಏರುತ್ತದೆ, ಎಣಿಕೆ ಏರಿದಷ್ಟೂ ಹಣ. ಈ ವಿಡಿಯೊಗಳಲ್ಲೆಲ್ಲ ವಿಷವಿದೆ ಎಂದು ಗಾಬರಿ ಹುಟ್ಟಿಸುವ ಉದ್ದೇಶ ನನಗಿಲ್ಲ. ಹಲ್ಲುಜ್ಜುವ ಹಾಡು ಕೇಳಿ ಹಲ್ಲುಜ್ಜಿಸಿಕೊಂಡ ಮಕ್ಕಳು ನಮ್ಮ ತರಗತಿಯಲ್ಲೇ ಇದ್ದಾರೆ. ನಾನು ಹೇಳುತ್ತಿರುವುದು ಇಷ್ಟೇ: "ಕಣ್ಣು ಮಿಟುಕಿಸದೆ ನೋಡ್ತಾನೆ" ಎಂದಾಗ ನೀವು ಕಾರ್ಟೂನಿಗೆ ಕೊಡುತ್ತಿರುವ ಅಂಕ, ಅದನ್ನು ಮಾಡಿದವರು ಮುಂಚೆಯೇ ತಮಗೆ ತಾವೇ ಕೊಟ್ಟುಕೊಂಡ ಅಂಕ. ನಿಮ್ಮ ಪರೀಕ್ಷೆ ಬೇರೆ ಇರಬೇಕು.

ಇನ್ನೂ ಸ್ವಾರಸ್ಯದ ಸಂಗತಿ 1979ರ ಒಂದು ಅಧ್ಯಯನದ್ದು. ಎಲಿಜಬೆತ್ ಲಾರ್ಚ್, ಡೇನಿಯಲ್ ಆಂಡರ್ಸನ್ ಮತ್ತವರ ಜೊತೆಗಾರರು ಐದು ವರ್ಷದ ಮಕ್ಕಳನ್ನು ಎರಡು ಗುಂಪು ಮಾಡಿ 'ಸೆಸಮಿ ಸ್ಟ್ರೀಟ್' ತೋರಿಸಿದರು. ಒಂದು ಗುಂಪಿನ ಕೋಣೆಯಲ್ಲಿ ಬರೀ ಟಿವಿ, ಇನ್ನೊಂದರಲ್ಲಿ ಟಿವಿಯ ಜೊತೆ ಆಟದ ಸಾಮಾನು. ಆಟದ ಸಾಮಾನು ಇಲ್ಲದವರು ನೂರಕ್ಕೆ 87 ಪಾಲು ಹೊತ್ತು ಪರದೆ ನೋಡಿದರು, ಇದ್ದವರು 47 ಪಾಲು ಮಾತ್ರ. ಆಮೇಲೆ ಪ್ರಶ್ನೆ ಕೇಳಿದರೆ ಎರಡೂ ಗುಂಪಿಗೆ ಅರ್ಥವಾದದ್ದು ಒಂದೇ ಸಮ. ಆಟವಾಡುತ್ತಾ, ಬೇಕಾದಲ್ಲಿ ತಲೆ ಎತ್ತಿ, ಕಥೆಯ ಕೊಂಡಿಗಳನ್ನು ಮಕ್ಕಳು ತಾವೇ ಹೆಕ್ಕಿಕೊಂಡಿದ್ದರು. ಹಾಗಾಗಿ ಕಾರ್ಟೂನ್ ನಡುವೆ ನಿಮ್ಮ ಮಗಳು ಗೊಂಬೆಗೆ ಬಟ್ಟೆ ತೊಡಿಸಿ ಬಂದರೆ "ಗಮನವೇ ಇಲ್ಲ ಇವಳಿಗೆ" ಎಂದು ಬೈಯಬೇಡಿ. ಬೇಕೆಂದಾಗ ಕಣ್ಣು ತೆಗೆಯಲು ಬಿಡುವ ಕಾರ್ಟೂನ್ ಅದು, ಅಷ್ಟರಮಟ್ಟಿಗೆ ಒಳ್ಳೆಯದೇ. ತಟ್ಟೆ ಬಿದ್ದ ಸದ್ದಿಗೂ, ನೀವು ಹೆಸರು ಹಿಡಿದು ಎರಡು ಸಲ ಕೂಗಿದ್ದಕ್ಕೂ ಕಣ್ಣು ಕದಲದಿದ್ದರೆ ಮಾತ್ರ ಆ ವಿಡಿಯೊವನ್ನು ಒಮ್ಮೆ ಹತ್ತಿರದಿಂದ ನೋಡಿ.

ಹತ್ತಿರದಿಂದ ನೋಡುವುದು ಎಂದರೆ ಮಗು ಮಲಗಿದ ಮೇಲೆ, ಒಬ್ಬರೇ ಕೂತು, ಮೊದಲಿಂದ ಕೊನೆಯವರೆಗೆ. ಸ್ವಲ್ಪ ಹೊತ್ತಿನ ಕೆಲಸ. ಮೊದಲ ಸಲ ಸದ್ದು ಪೂರ್ತಿ ತೆಗೆದು ನೋಡಿ. ಯಾರು, ಎಲ್ಲಿ, ಏನು ಮಾಡುತ್ತಿದ್ದಾರೆ ಎಂದು ಬರೀ ಚಿತ್ರದಲ್ಲೇ ತಿಳಿಯುತ್ತದೆಯೇ? ಎರಡನೆಯ ಸಲ ಫೋನ್ ಮಗುಚಿಟ್ಟು ಬರೀ ಕೇಳಿ. ಮನುಷ್ಯರ ಮಾತಿನ ಹಾಗಿದೆಯೇ, ಕಿರುಚಾಟ, 'ಟುಯ್ಞ್', 'ಡಬ್' ಸದ್ದುಗಳ ನಡುವೆ ಮಾತು ಮುಳುಗಿಹೋಗಿದೆಯೇ? ಹಿಂದೆ ತಬಲಾ, ಡ್ರಮ್ಮು ಒಂದು ಕ್ಷಣವೂ ನಿಲ್ಲದಿದ್ದರೆ ಅದಕ್ಕೊಂದು ಕಾರಣವಿದೆ: ಸುಮ್ಮನಿದ್ದರೆ ಮಗು ಎದ್ದುಹೋದೀತು ಎಂಬ ಭಯ ಮಾಡಿದವರಿಗಿದೆ.

ಮೂರನೆಯ ಸಲ ಬೇಕಿದ್ದರೆ ಒಂದು ಹಿಡಿ ಹುಣಸೆಬೀಜ ತೆಗೆದುಕೊಳ್ಳಿ. ಪರದೆಯ ಚಿತ್ರ ಪೂರಾ ಬದಲಾದಾಗಲೆಲ್ಲ ಒಂದು ಬೀಜ ಪಕ್ಕಕ್ಕಿಡಿ. ಒಂದು ನಿಮಿಷಕ್ಕೆ ಎಷ್ಟಾಯಿತು ನೋಡಿ. ವರ್ಜೀನಿಯಾ ವಿಶ್ವವಿದ್ಯಾಲಯದ ಆಂಜೆಲಿನ್ ಲಿಲ್ಲಾರ್ಡ್ ಮತ್ತು ಜೆನಿಫರ್ ಪೀಟರ್ಸನ್ 2011ರಲ್ಲಿ ನಾಲ್ಕು ವರ್ಷದ 60 ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ 9 ನಿಮಿಷ 'ಸ್ಪಾಂಜ್‌ಬಾಬ್', ಒಂದಕ್ಕೆ ನಿಧಾನಗತಿಯ 'ಕಾಯು', ಇನ್ನೊಂದಕ್ಕೆ ಚಿತ್ರ ಬರೆಯಲು ಬಣ್ಣ ಮತ್ತು ಕಾಗದ. ಸ್ಪಾಂಜ್‌ಬಾಬ್‌ನಲ್ಲಿ ಸರಾಸರಿ 11 ಸೆಕೆಂಡಿಗೊಮ್ಮೆ ದೃಶ್ಯ ಬದಲಾಗುತ್ತಿತ್ತು, ಕಾಯುವಿನಲ್ಲಿ 34 ಸೆಕೆಂಡಿಗೊಮ್ಮೆ. ಆ ಕೂಡಲೇ ಕೊಟ್ಟ ಚಿಕ್ಕ ಚಿಕ್ಕ ಕೆಲಸಗಳಲ್ಲಿ, ಅಂದರೆ ಹೇಳಿದ್ದನ್ನು ನೆನಪಿಟ್ಟು ಮಾಡುವುದು, ಆಸೆ ತಡೆದು ಕಾಯುವುದು ಇಂಥವುಗಳಲ್ಲಿ, ಸ್ಪಾಂಜ್‌ಬಾಬ್ ನೋಡಿದ ಮಕ್ಕಳು ಹಿಂದೆ ಬಿದ್ದರು. ಆ ಕಾರ್ಟೂನ್ ಮಾಡಿದ್ದು ನಾಲ್ಕು ವರ್ಷದವರಿಗಲ್ಲ, ಇನ್ನೂ ದೊಡ್ಡವರಿಗೆ ಎಂದು ಅದನ್ನು ಹಾಕುವ ಚಾನೆಲ್‌ನವರು ಆಗಲೇ ಹೇಳಿದರು. ನಿಜವೇ. ಆದರೆ ನಮ್ಮ ಮನೆಗಳಲ್ಲಿ ರಿಮೋಟ್ ಯಾರ ಕೈಯಲ್ಲಿರುತ್ತದೆ ಎಂದು ನಿಮಗೂ ಗೊತ್ತು.

ಹುಣಸೆಬೀಜದ ಲೆಕ್ಕವನ್ನೇ ನಂಬಿ ಕೂರಬೇಡಿ. ಅದೇ ಲಿಲ್ಲಾರ್ಡ್ ಅವರ ತಂಡ 2015ರಲ್ಲಿ ಇನ್ನಷ್ಟು ಪರೀಕ್ಷಿಸಿದಾಗ ಕಂಡದ್ದು, ವೇಗಕ್ಕಿಂತ ಹೆಚ್ಚು ತೊಂದರೆ ಕೊಡುವುದು ನಡೆಯಲಾರದ್ದು ನಡೆಯುತ್ತಲೇ ಹೋಗುವುದು ಎಂದು. ಆನೆ ಹಾರಿತು, ಹಾರಿದ ಆನೆ ಕಾರಾಯಿತು, ಕಾರು ಲಾಲಿಪಾಪ್ ಆಗಿ ಕರಗಿತು. ಒಂದನ್ನು ಅರಗಿಸಿಕೊಳ್ಳುವಷ್ಟರಲ್ಲಿ ಇನ್ನೊಂದು. ಹಾಗಂತ ಕಲ್ಪನೆಯೇ ಬೇಡವೆಂದರೆ ನಮ್ಮ ಪಂಚತಂತ್ರವನ್ನೂ ಬಾಗಿಲಾಚೆ ಕಳಿಸಬೇಕಾಗುತ್ತದೆ. ಆದರೆ ಪಂಚತಂತ್ರದಲ್ಲಿ ಆಮೆ ಮಾತಾಡುವುದೊಂದನ್ನು ಒಪ್ಪಿಕೊಂಡರೆ ಸಾಕು, ಮಿಕ್ಕಿದ್ದೆಲ್ಲ ಕಾರಣದಿಂದ ಕಾರಣಕ್ಕೆ ನಡೆಯುತ್ತದೆ. ಬಾಯಿ ತೆರೆದ ಆಮೆ ಬೀಳಲೇಬೇಕು, ಮೂರು ವರ್ಷದವನಿಗೂ ಅದು ಮೊದಲೇ ಗೊತ್ತಾಗಿ "ಮಾತಾಡ್ಬೇಡ!" ಎಂದು ಕೂಗುತ್ತಾನೆ. ಆ ಕೂಗನ್ನು ನಿಮ್ಮ ಕಾರ್ಟೂನ್ ಹೊರಡಿಸುತ್ತದೆಯೇ ಎಂದು ನೋಡಿ. ಮುಂದೇನಾಗುತ್ತದೆ ಎಂದು ಊಹಿಸಲು ಜಾಗ ಇದ್ದರೆ ಮಾತ್ರ ಮಗು ಊಹಿಸೀತು.

ಈ ವಿಷಯದಲ್ಲಿ ನನಗೆ ಅಚ್ಚುಮೆಚ್ಚಿನದು ಹಳೆಯ ಜೆಕ್ ದೇಶದ ಚಿತ್ರವೊಂದು. ಜ್ಡೆನೆಕ್ ಮಿಲರ್ ಎಂಬವರು 1957ರಲ್ಲಿ ಮಾಡಿದ್ದು. ಬಿಲ ತೋಡುವ ಮೋಲ್ ಎಂಬ ಪುಟ್ಟ ಪ್ರಾಣಿಗೆ ಜೇಬಿರುವ ಚಡ್ಡಿ ಬೇಕಾಗುತ್ತದೆ. ಚಡ್ಡಿಗೆ ಬಟ್ಟೆ ಬೇಕು, ಬಟ್ಟೆಗೆ ನೂಲು, ನೂಲಿಗೆ ಅಗಸೆ ಗಿಡದ ನಾರು. ಮೋಲ್ ಗಿಡವನ್ನು ಸಾಕುತ್ತದೆ, ಜೇಡಗಳು ನೂಲುತ್ತವೆ, ಇರುವೆಗಳು ನೇಯುತ್ತವೆ, ಹಣ್ಣಿನ ರಸದಲ್ಲಿ ಬಣ್ಣ ಹತ್ತುತ್ತದೆ. ಬಟ್ಟೆ ಎಲ್ಲಿಂದ ಬರುತ್ತದೆ ಎಂದು ಇಷ್ಟು ಚೆಂದವಾಗಿ ಹೇಳಿದ ಪಾಠಪುಸ್ತಕವನ್ನು ನಾನು ಕಂಡಿಲ್ಲ. ನಮ್ಮಲ್ಲೂ ಇಲ್ಲದ್ದೇನಲ್ಲ. 1974ರಲ್ಲಿ ಫಿಲ್ಮ್ಸ್ ಡಿವಿಜನ್‌ಗಾಗಿ ವಿಜಯಾ ಮುಳೆ ನಿರ್ದೇಶಿಸಿ ಭೀಮ್‌ಸೇನ್ ಅನಿಮೇಷನ್ ಮಾಡಿದ 'ಏಕ್ ಅನೇಕ್ ಔರ್ ಏಕತಾ' ಏಳು ನಿಮಿಷದ್ದು. ದೂರದರ್ಶನ ನೋಡಿ ಬೆಳೆದ ನಿಮ್ಮಲ್ಲಿ ಎಷ್ಟೋ ಜನಕ್ಕೆ ಹಿಂದಿ ಬಾರದಿದ್ದರೂ ಹಕ್ಕಿಗಳು ಬಲೆಯನ್ನೇ ಹೊತ್ತು ಹಾರಿದ್ದು ನೆನಪಿರುತ್ತದೆ.

ಅಂದರೆ ಚಿಕ್ಕದಾಗಿರುವುದು ತಪ್ಪಲ್ಲ. 'ಟಾಮ್ ಅಂಡ್ ಜೆರ್ರಿ' ಸುಮಾರು ಏಳು ನಿಮಿಷ, 'ಪೆಪ್ಪಾ ಪಿಗ್' ಐದು, ಆಸ್ಟ್ರೇಲಿಯಾದ 'ಬ್ಲೂಯಿ' ಏಳು. ಪುಟ್ಟ ಮಗುವಿನ ಗಮನಕ್ಕೆ ಅಷ್ಟೇ ಸರಿಯಾದ ಅಳತೆ. ಆದರೆ ಇವಕ್ಕೆಲ್ಲ ಒಂದು ಕೊನೆ ಇದೆ, ಹೆಸರು ಪಟ್ಟಿ ಬಂದು ಮುಗಿಯುತ್ತವೆ. ಭಾರತದಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಶುರುವಾದ ಯೂಟ್ಯೂಬ್ ಶಾರ್ಟ್ಸ್‌ನಲ್ಲಿ ಕೊನೆ ಅನ್ನುವುದೇ ಇಲ್ಲ. ಬೆರಳು ಸರಿಸಿದರೆ ಮುಂದಿನದು. ಮದುವೆ ಊಟದಲ್ಲಿ ಎಲೆಯ ಮೇಲೆ ಕೈ ಅಡ್ಡ ಹಿಡಿದರೂ ಬಿಡದೆ ಬಡಿಸುವವರ ಹಾಗೆ, ಸಾಕು ಎನ್ನುವ ಹೊತ್ತಿಗೆ ಮೂರು ಬಗೆ ಬಿದ್ದಿರುತ್ತದೆ. ಆ ಬಗೆಯ ಸಾಲುವಿಡಿಯೊಗಳ ಗುಣ ಅಳೆಯಲು ಸಾಧ್ಯವೇ ಇಲ್ಲ, ಏಕೆಂದರೆ ನೀವು ನೋಡಿ ಒಪ್ಪಿದ್ದು ಒಂದು, ಮಗು ನೋಡಿದ್ದು ಮೂವತ್ತು. ಆದ್ದರಿಂದ ಆರು ವರ್ಷದ ಒಳಗಿನವರ ಕೈಗೆ ಶಾರ್ಟ್ಸ್ ಬೇಡ. ಈ ಪತ್ರದಲ್ಲಿ ನಾನು ಖಡಾಖಂಡಿತ ಹೇಳುವ ಮಾತು ಬಹುಶಃ ಇದೊಂದೇ. ಯೂಟ್ಯೂಬ್ ಕಿಡ್ಸ್ ಆ್ಯಪ್‌ನಲ್ಲಿ ನೀವೇ ಆರಿಸಿದ ವಿಡಿಯೊಗಳನ್ನು ಮಾತ್ರ ತೋರಿಸುವ ವ್ಯವಸ್ಥೆ ಇದೆ, ಸೆಟ್ಟಿಂಗ್ಸ್‌ನಲ್ಲಿ ಹುಡುಕಿ ಹಾಕಿಕೊಳ್ಳಿ. ಅದಕ್ಕಿಂತ ಸುಲಭ ಬೇಕೆಂದರೆ, ನಿಮಗೆ ಒಪ್ಪಿತವಾದ ನಾಲ್ಕೈದನ್ನು ಡೌನ್‌ಲೋಡ್ ಮಾಡಿಟ್ಟು ಡೇಟಾ ಆಫ್ ಮಾಡಿ ಕೊಡಿ. ನಾಲ್ಕೈದೇ ಸಾಕಾ ಎಂದು ಕೇಳಬೇಡಿ. 1996ರಲ್ಲಿ ಶುರುವಾದ 'ಬ್ಲೂಸ್ ಕ್ಲೂಸ್' ಎಂಬ ಕಾರ್ಯಕ್ರಮದವರು ಒಂದೇ ಕಂತನ್ನು ಸೋಮವಾರದಿಂದ ಶುಕ್ರವಾರದವರೆಗೆ ಐದು ದಿನವೂ ಹಾಕುತ್ತಿದ್ದರು. ಮಕ್ಕಳಿಗೆ ಬೇಜಾರಾಗಲಿಲ್ಲ, ದಿನದಿಂದ ದಿನಕ್ಕೆ ಉತ್ತರ ಜೋರಾಗಿ ಹೇಳತೊಡಗಿದರು. ಅದರ ನಿರೂಪಕ ಪ್ರಶ್ನೆ ಕೇಳಿ, ನಿಜವಾಗಿ ಸುಮ್ಮನೆ ನಿಂತು, ಮಗು ಉತ್ತರಿಸುವಷ್ಟು ಹೊತ್ತು ಕಾಯುತ್ತಿದ್ದ. ಬೇಜಾರು ಬರುವುದು ದೊಡ್ಡವರಿಗೆ ಮಾತ್ರ.

ಕಲಿಕೆಯ ಮಾತಿಗೆ ಬಂದರೆ, "ಕಲರ್ಸ್ ಎಲ್ಲ ಇಂಗ್ಲಿಷ್‌ನಲ್ಲಿ ಹೇಳ್ತಾಳೆ, ಅದೂ ಅಮೆರಿಕದವರ ಥರ" ಎಂದು ಹೆಮ್ಮೆ ಪಡುವವರು ನಿಮ್ಮಲ್ಲಿದ್ದೀರಿ. ಹೆಮ್ಮೆ ಇರಲಿ. ಆದರೆ ಹಳದಿ ಎಂದು ಹಾಡುವ ಮಗುವಿನ ಮುಂದೆ ಒಂದು ನಿಂಬೆಹಣ್ಣು ಹಿಡಿದು "ಇದು ಯಾವ ಬಣ್ಣ?" ಎಂದು ಕೇಳಿ. ಹಾಡು ಒಂದು ಕಡೆ, ಹಣ್ಣು ಒಂದು ಕಡೆ ಉಳಿದುಬಿಡುವುದು ನಮ್ಮ ತರಗತಿಯ ನಿತ್ಯದ ಅನುಭವ. ಪೆಟ್ರಿಷಿಯಾ ಕೂಲ್ ಎಂಬ ವಿಜ್ಞಾನಿ 2003ರಲ್ಲಿ ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳಿಗೆ ಚೀನೀ ಭಾಷೆ ಕೇಳಿಸಿದರು. ಎದುರಿಗೆ ಕೂತು ಆಡಿಸಿದವರಿಂದ ಕೂಸುಗಳು ಆ ಭಾಷೆಯ ಧ್ವನಿಗಳನ್ನು ಹಿಡಿದವು, ಅದೇ ಜನ ಅದೇ ಮಾತನ್ನು ಟಿವಿಯಿಂದ ಆಡಿದಾಗ ಹಿಡಿಯಲಿಲ್ಲ. 2010ರಲ್ಲಿ ಜೂಡಿ ಡಿಲೋಚ್ ಅವರ ತಂಡ ಒಂದರಿಂದ ಒಂದೂವರೆ ವರ್ಷದ ಮಕ್ಕಳ ಮನೆಗೆ ಪದ ಕಲಿಸುವ ಡಿವಿಡಿ ಕೊಟ್ಟು ಒಂದು ತಿಂಗಳ ಮೇಲೆ ಪರೀಕ್ಷಿಸಿತು. ಹೆಚ್ಚು ಪದ ಕಲಿತದ್ದು ಡಿವಿಡಿಯೇ ಇಲ್ಲದೆ, ಅಪ್ಪ ಅಮ್ಮ ದಿನದ ಕೆಲಸದ ನಡುವೆ ಹೇಳಿಕೊಟ್ಟ ಮಕ್ಕಳು. ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ ವಿಷಯ ಇನ್ನೊಂದು: ಡಿವಿಡಿ ಯಾವ ಪೋಷಕರಿಗೆ ತುಂಬ ಇಷ್ಟವಾಗಿತ್ತೋ, ಅವರೇ ತಮ್ಮ ಮಗು ಅದರಿಂದ ತುಂಬ ಕಲಿತಿದೆ ಎಂದು ನಂಬಿದ್ದರು. ಕಲಿತಿರಲಿಲ್ಲ. ಆದ್ದರಿಂದ ನಿಮಗೆ ಇಷ್ಟವಾದದ್ದು ಒಳ್ಳೆಯದಕ್ಕೆ ಪುರಾವೆಯಲ್ಲ, ಮಗುವಿಗೆ ಇಷ್ಟವಾದದ್ದೂ ಅಲ್ಲ.

ದೂರದ ಊರಲ್ಲಿರುವ ಅಜ್ಜಿ ತಾತನ ಜೊತೆ ವಿಡಿಯೊ ಕಾಲ್ ಮಾಡಿಸುವವರು ಇದನ್ನು ಓದಿ ಹೆದರಬೇಡಿ. ಎರಡು, ಎರಡೂವರೆ ವರ್ಷದ ಮಕ್ಕಳು ವಿಡಿಯೊ ಕಾಲ್‌ನಲ್ಲಿ ಎದುರಿಗೆ ಕೂತವರಿಂದ ಕಲಿತಷ್ಟೇ ಚೆನ್ನಾಗಿ ಹೊಸ ಪದ ಕಲಿತರು, ಮೊದಲೇ ಚಿತ್ರಿಸಿಟ್ಟ ವಿಡಿಯೊದಿಂದ ಕಲಿಯಲಿಲ್ಲ ಎಂದು 2014ರ ಅಧ್ಯಯನವೊಂದು ತೋರಿಸಿದೆ. ಫೋನಿನ ಆಚೆಗಿರುವ ಅಜ್ಜಿ "ಏನೋ ಪುಟ್ಟ, ಮೂಗಲ್ಲಿ ಏನದು?" ಎಂದು ಉತ್ತರ ಕೊಡುತ್ತಾಳೆ. ಕಾರ್ಟೂನಿನ ಕರಡಿ ಕೊಡುವುದಿಲ್ಲ. ಕಾರ್ಟೂನ್ ನೋಡುವಾಗ ಪಕ್ಕದಲ್ಲಿ ಕೂತು ನೀವು ಆಡುವ ಎರಡು ಮಾತು ಕರಡಿಯ ಹತ್ತು ಹಾಡಿಗೆ ಸಮ ಎನ್ನುವುದು ಇದಕ್ಕೇ.

ಕನ್ನಡದ ಸಂಗತಿ ಬೇರೆಯೇ ಒಂದು ಪತ್ರ ಬೇಡುತ್ತದೆ. ದೊಡ್ಡ ಕಾರ್ಟೂನ್ ಚಾನೆಲ್‌ಗಳು ಬಹುಕಾಲ ಹಿಂದಿ, ತಮಿಳು, ತೆಲುಗಿನಲ್ಲೇ ಮಾತಾಡಿದವು. ಈಗ ಬೆಂಗಳೂರಿನ ಇನ್ಫೋಬೆಲ್ಸ್‌ನಂಥ ಸಂಸ್ಥೆಗಳಿಂದ ಕನ್ನಡ ಶಿಶುಗೀತೆಗಳ ಅನಿಮೇಷನ್ ಸಾಕಷ್ಟಿದೆ. ಅವುಗಳ ಪಕ್ಕದಲ್ಲೇ ಈಚೆಗೆ ಯಂತ್ರವೇ ಬರೆದು, ಯಂತ್ರವೇ ಓದಿದ ವಿಡಿಯೊಗಳೂ ರಾಶಿ ಬೀಳುತ್ತಿವೆ. ಗುರುತು ಹಿಡಿಯುವುದು ಕಷ್ಟವಲ್ಲ. ಬಾಳೆಹಣ್ಣು 'ಬಾಲೆಹಣ್ಣು' ಆಗಿರುತ್ತದೆ, ಒತ್ತಕ್ಷರ ಎಲ್ಲೋ ಹಾರಿಹೋಗಿರುತ್ತದೆ, ಹುಡುಗಿಯ ಲಂಗದ ಬಣ್ಣ ದೃಶ್ಯಕ್ಕೊಂದು, ಕೈಯಲ್ಲಿ ಆರು ಬೆರಳು. ಅಕ್ಷರ ಕಲಿಸುತ್ತೇವೆ ಎನ್ನುವ ವಿಡಿಯೊದಲ್ಲಿ ಅಕ್ಷರವೇ ತಪ್ಪಿದ್ದರೆ, ಆಮೇಲೆ ತಿದ್ದಲು ಒದ್ದಾಡುವುದು ನಮ್ಮಂಥ ಟೀಚರುಗಳು.

'ಮಕ್ಕಳಿಗಾಗಿ' ಎಂದು ಯೂಟ್ಯೂಬ್‌ನಲ್ಲಿ ಬರೆದಿರುವುದನ್ನು ಸರ್ಟಿಫಿಕೇಟ್ ಎಂದು ತಿಳಿಯಬೇಡಿ. ಮಕ್ಕಳ ಮಾಹಿತಿಯನ್ನು ಅಪ್ಪ ಅಮ್ಮನ ಒಪ್ಪಿಗೆ ಇಲ್ಲದೆ ಸಂಗ್ರಹಿಸಿದ ಆರೋಪದ ಮೇಲೆ 2019ರಲ್ಲಿ ಗೂಗಲ್ ಅಮೆರಿಕದಲ್ಲಿ 17 ಕೋಟಿ ಡಾಲರ್ ಕಟ್ಟಬೇಕಾಯಿತು. ಆಮೇಲೆ 2020ರಿಂದ ಬಂದ ಗುರುತು ಅದು. ವಿಡಿಯೊ ಹಾಕುವವರೇ ಅದನ್ನು ಹೇಳಿಕೊಳ್ಳುತ್ತಾರೆ. ಜಾಹೀರಾತು, ಕಾಮೆಂಟುಗಳ ನಿಯಮ ಅದರಿಂದ ಬದಲಾಗುತ್ತದೆ, ಒಳಗಿರುವುದು ಒಳ್ಳೆಯದು ಎಂಬ ಭರವಸೆ ಅದರಲ್ಲಿಲ್ಲ. ಮಕ್ಕಳಿಗೆ ಪರಿಚಿತವಾದ ಎಲ್ಸಾ, ಸ್ಪೈಡರ್‌ಮ್ಯಾನ್, ಪೆಪ್ಪಾಗಳ ವೇಷದಲ್ಲಿ ಅಸಹ್ಯ, ಹಿಂಸೆ ತುಂಬಿದ ವಿಡಿಯೊಗಳು ಹರಿದಾಡಿ 2017ರಲ್ಲಿ ದೊಡ್ಡ ಗದ್ದಲವಾದದ್ದು ನಿಮಗೆ ನೆನಪಿರಬಹುದು. ವಿಡಿಯೊದ ಮೇಲಿರುವ ಚಿತ್ರ ಮಾತ್ರ ನೋಡಿ ಫೋನ್ ಕೊಡುವುದು ಅದಕ್ಕೇ ಸಾಲದು.

ಹೆದರಿಕೆಯ ವಿಷಯದಲ್ಲಿ ನಾನು ನಿಮ್ಮಷ್ಟು ಮಡಿವಂತಳಲ್ಲ. ಮಗು ಹೆದರಿತು, ಅತ್ತಿತು ಅಂದ ಕೂಡಲೇ ಆ ಕಾರ್ಟೂನ್ ಕೆಟ್ಟದ್ದಾಗುವುದಿಲ್ಲ. ಪುಣ್ಯಕೋಟಿಯ ಕಥೆ ಕೇಳಿ ಅಳದ ಕನ್ನಡದ ಮಗು ಎಲ್ಲಿದೆ? ತಾಯಿ ಸಾಯಲು ಹೊರಡುತ್ತಾಳೆ, ಕೊನೆಗೆ ಹುಲಿಯೇ ಪ್ರಾಣ ಬಿಡುತ್ತದೆ. ಲೆಕ್ಕಕ್ಕೆ ನೋಡಿದರೆ ಭೀಕರ. ಆದರೆ ಅಲ್ಲಿ ಭಯಕ್ಕೆ ಕಾರಣವಿದೆ, ಮಾತಿಗೆ ಬೆಲೆಯಿದೆ, ಕರು ತಾಯಿಯನ್ನು ಮತ್ತೆ ಕಾಣುತ್ತದೆ. ಇದಕ್ಕಿಂತ ನನ್ನನ್ನು ಕಾಡುವುದು ನಗಿಸಲು ಹೊಡೆಯುವುದು: ತಲೆಗೆ ಸುತ್ತಿಗೆ, ಬಾಣಲೆ, ಬಿದ್ದವನು ಎದ್ದು ಓಡುತ್ತಾನೆ, ನೋವು ಯಾರಿಗೂ ಇಲ್ಲ. ಹಾಗೆಯೇ ಕಪ್ಪಗಿರುವವನೇ ಕಳ್ಳ, ದಪ್ಪಗಿರುವವನೇ ಪೆದ್ದ, ಅಮ್ಮ ಸದಾ ಅಡುಗೆಮನೆಯಲ್ಲಿ. ಇವು ಹೆದರಿಸುವುದಿಲ್ಲ, ಸದ್ದಿಲ್ಲದೆ ಕೂತುಬಿಡುತ್ತವೆ. ಮೈಬಣ್ಣದ ಬಗ್ಗೆ ನಾಲ್ಕು ವರ್ಷದವರ ಬಾಯಲ್ಲಿ ಬರುವ ಮಾತು ಕೇಳಿದರೆ ಗೊತ್ತಾಗುತ್ತದೆ.

ನಾವಿರುವ ಊರನ್ನೂ ಮರೆಯಬೇಡಿ. ಪೆಪ್ಪಾ ಪಿಗ್‌ನ ಒಂದು ಕಂತಿನಲ್ಲಿ ಜೇಡ ಚಿಕ್ಕದು, ಅದು ಏನೂ ಮಾಡುವುದಿಲ್ಲ ಎಂದು ಅಪ್ಪ ಹೇಳಿ, ಎಲ್ಲರೂ ಅದರ ಜೊತೆ ಗೆಳೆತನ ಮಾಡುತ್ತಾರೆ. ಇಂಗ್ಲೆಂಡಿಗೆ ಸರಿ. ವಿಷದ ಜೇಡಗಳಿರುವ ಆಸ್ಟ್ರೇಲಿಯಾದಲ್ಲಿ ಅಲ್ಲಿನ ಎಬಿಸಿ ಚಾನೆಲ್ 2012ರಲ್ಲಿ ಆ ಕಂತನ್ನು ಮತ್ತೆ ಹಾಕದಿರಲು ತೀರ್ಮಾನಿಸಿತು. ನಮ್ಮ ಮಲೆನಾಡಿನ ಸೌದೆ ಕೊಟ್ಟಿಗೆಯಲ್ಲಿ ಕೈ ಹಾಕುವ ಮಗುವಿಗೆ, ನಗುನಗುತ್ತಾ ಕುತ್ತಿಗೆಗೆ ಸುತ್ತಿಕೊಳ್ಳುವ ಹಾವಿನ ಮರಿಯ ಕಾರ್ಟೂನ್ ತೋರಿಸುವ ಮುಂಚೆ ಇದೇ ಪ್ರಶ್ನೆ ಕೇಳಿಕೊಳ್ಳಿ. ಕಾರ್ಟೂನ್ ಬೇಡವೆಂದಲ್ಲ. "ಇದು ಕಥೆಯ ಹಾವು, ನಮ್ಮ ಹಿತ್ತಲಿನದು ಕಚ್ಚುತ್ತದೆ" ಎಂದು ಹೇಳುವವರು ಪಕ್ಕದಲ್ಲಿರಬೇಕು.

ಹಾಂ, ಕಣ್ಣಿಗೆ ಹೊಡೆಯುವ ಹಾಗೆ ಮಿಣುಕುವ ಬೆಳಕಿರುವುದನ್ನು ಯೋಚಿಸದೆ ತೆಗೆದುಹಾಕಿ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೊಕೆಮಾನ್‌ನ ಒಂದು ಕಂತಿನಲ್ಲಿ ಕೆಂಪು ನೀಲಿ ಬೆಳಕು ಸೆಕೆಂಡಿಗೆ ಸುಮಾರು 12 ಸಲ ಮಿನುಗಿ, 600ಕ್ಕೂ ಹೆಚ್ಚು ಮಕ್ಕಳು ಆಸ್ಪತ್ರೆ ಸೇರಿದ್ದರು.

ಇನ್ನು ಕೊನೆಯ ತೂಕ, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಫೋನ್ ವಾಪಸ್ ತೆಗೆದುಕೊಂಡ ಮೇಲಿನ ಹತ್ತು ನಿಮಿಷ ಮಗುವನ್ನು ನೋಡಿ. ಅಳುವುದಕ್ಕೆ ಅಷ್ಟು ಬೆಲೆ ಕೊಡಬೇಡಿ, ಜಾತ್ರೆಯಿಂದ ಎಳೆದುಕೊಂಡು ಬಂದರೂ ಮಕ್ಕಳು ಅಳುತ್ತಾರೆ. ಅಳು ನಿಂತ ಮೇಲೆ ಏನಾಗುತ್ತದೆ? ದಿಂಬನ್ನು ದೋಣಿ ಮಾಡಿಕೊಂಡು, ನಿಮ್ಮನ್ನು ಮೊಸಳೆ ಮಾಡಿ, ನೋಡಿದ ಕಥೆಯನ್ನು ತನಗೆ ಬೇಕಾದ ಹಾಗೆ ತಿರುಚಿ ಆಡುತ್ತಿದೆಯೇ? "ಅಮ್ಮ, ಆ ಮೊಲಕ್ಕೆ ಯಾಕೆ ಕೋಪ ಬಂತು?" ಎಂದು ರಾತ್ರಿ ಅನ್ನ ಕಲಸುವಾಗ ಕೇಳಿತೇ? ಹಾಗಾದರೆ ಕಾರ್ಟೂನ್ ಚಿತ್ರದಲ್ಲಿ ಸುಮಾರಾಗಿದ್ದರೂ ನಾನು ಪಾಸು ಮಾಡುತ್ತೇನೆ. ಕಥೆ ಹೇಳು ಎಂದರೆ "ಅದೂ... ಕಾರು... ಇನ್ನೊಂದು ಹಾಕು" ಎಂಬಲ್ಲಿಗೇ ಮುಗಿದರೆ, ಮನೆಯಲ್ಲಿ ಯಾವುದರ ಮೇಲೂ ಕೈ ನಿಲ್ಲದೆ ಸಿಡಿಮಿಡಿಗುಟ್ಟುತ್ತಾ ತಿರುಗಿದರೆ, ಅದು ಎಷ್ಟೇ ಕೋಟಿ ಜನ ನೋಡಿದ ವಿಡಿಯೊ ಆಗಿರಲಿ, ನಿಮ್ಮ ಮಗುವಿಗೆ ಸಲ್ಲದು. ಒಂದು ಸಲಕ್ಕೇ ತೀರ್ಪು ಕೊಡಬೇಡಿ. ನಿದ್ದೆಗೆಟ್ಟ ದಿನ ಮಕ್ಕಳು ಪಂಚತಂತ್ರಕ್ಕೂ ಸಿಡುಕುತ್ತಾರೆ. ಎರಡು ಮೂರು ಬೇರೆ ಬೇರೆ ದಿನ ನೋಡಿ.

ಇದನ್ನೆಲ್ಲ ಪತ್ರದಲ್ಲಿ ಓದುವುದಕ್ಕಿಂತ ಒಟ್ಟಿಗೆ ಕೂತು ಮಾಡಿ ನೋಡುವುದು ಸುಲಭ. ಮುಂದಿನ ಪೋಷಕರ ಸಭೆಗೆ ನಿಮ್ಮ ಮಗು ಅತಿ ಹೆಚ್ಚು ಕೇಳುವ ಒಂದು ವಿಡಿಯೊ ಡೌನ್‌ಲೋಡ್ ಮಾಡಿಕೊಂಡು ಬನ್ನಿ. ಶಾಲೆಯ ಪ್ರೊಜೆಕ್ಟರ್ ಕೇಳಿಟ್ಟಿದ್ದೇನೆ. ಮೊದಲು ಸದ್ದಿಲ್ಲದೆ, ಆಮೇಲೆ ಸದ್ದಿನ ಜೊತೆ ನೋಡೋಣ, ಯಾರದ್ದು ಪಾಸು ಯಾರದ್ದು ಫೇಲು ಎಂದು ಜಗಳವಾಡೋಣ. ಸಾಧ್ಯವಾದರೆ ಅಜ್ಜಿಯರನ್ನೂ ಕರೆತನ್ನಿ, ಮಧ್ಯಾಹ್ನದ ಹೊತ್ತು ಫೋನ್ ಇರುವುದು ಅವರ ಕೈಯಲ್ಲೇ. ಹುಣಸೆಬೀಜ ನಾನು ತರುತ್ತೇನೆ.

ಇಂತಿ ನಿಮ್ಮ ಮಕ್ಕಳ,
ಎಲ್‌ಕೆಜಿ ಮಿಸ್
ಶಿವಮೊಗ್ಗ